ಆದವಾನಿಯಿಂದ ಕಂಡ ಬಳ್ಳಾರಿ ರಾಘವ: ಒಬ್ಬ ನಟನ ವೃತ್ತಿ, ಪ್ರಭಾವ ಮತ್ತು ಎರಡು ಭಾಷೆಯ ಚರಿತ್ರೆ

ನನ್ನ ಧ್ವನಿ ಎಲ್ಲರಿಗೂ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ. ನಡುವೆ ಕರೆಂಟು ಹೋದರೆ ಫೋನಿನಿಂದ ಸೇರ್ತೀನಿ, ದಯವಿಟ್ಟು ಎರಡು ನಿಮಿಷ ಕಾಯಿರಿ.

ಹೋದ ಸಲದ ಸೆಮಿನಾರಿನಲ್ಲಿ ನಮ್ಮ ಗೆಳತಿಯೊಬ್ಬರು ಇಂಗ್ಲೆಂಡಿನ ಫಿಗರ್ ಸ್ಕೇಟರ್ ಜಾನ್ ಕರಿ ಬಗ್ಗೆ ಮಾತಾಡಿದರು. ಅವತ್ತು ಬರದೇ ಇದ್ದವರಿಗಾಗಿ ನಾಲ್ಕು ಸಾಲು ಹೇಳ್ತೀನಿ. 1949ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಹುಡುಗ. ಬ್ಯಾಲೆ ಕಲೀಬೇಕು ಅಂತ ಆಸೆ. ಗಂಡುಹುಡುಗರಿಗೆ ಕುಣಿತ ಯಾಕೆ ಅಂತ ಅಪ್ಪ ಬೇಡ ಅಂದ. ಸ್ಕೇಟಿಂಗ್ ಆದರೆ ಆಟ, ಕ್ರೀಡೆ, ಹಾಗಾಗಿ ಅದಕ್ಕೆ ಒಪ್ಪಿದ. ಆ ಹುಡುಗ 1976ರಲ್ಲಿ ಒಂದೇ ವರ್ಷ ಯುರೋಪಿಯನ್, ಒಲಿಂಪಿಕ್, ವಿಶ್ವ ಮೂರೂ ಚಾಂಪಿಯನ್‌ಶಿಪ್ ಗೆದ್ದ. ಗೆದ್ದ ವರ್ಷವೇ ಸ್ಪರ್ಧೆ ಬಿಟ್ಟು ಲಂಡನ್ನಿನಲ್ಲಿ ಸ್ವಂತ ಸ್ಕೇಟಿಂಗ್ ರಂಗತಂಡ ಕಟ್ಟಿದ. ಟ್ವೈಲಾ ಥಾರ್ಪ್, ಕೆನೆತ್ ಮ್ಯಾಕ್‌ಮಿಲನ್‌ನಂಥ ನೃತ್ಯ ಸಂಯೋಜಕರು ಅವನಿಗಾಗಿ ಮಂಜುಗಡ್ಡೆಯ ಮೇಲಿನ ನೃತ್ಯಗಳನ್ನು ಸಂಯೋಜಿಸಿದರು. 1994ರಲ್ಲಿ ತೀರಿಕೊಂಡ. ರಂಗಪ್ರದರ್ಶನಗಳ ಚಿತ್ರೀಕರಣ ಅವನಿಗೆ ಇಷ್ಟವಿರಲಿಲ್ಲ, ಆದ್ದರಿಂದ ಒಳ್ಳೆಯ ದಾಖಲೆ ಬಹಳ ಕಡಿಮೆ. ಅವನ ಪ್ರಭಾವ ನೋಡಬೇಕಾದರೆ ಅವನ ನಂತರದವರ ತೋಳು, ಕತ್ತು, ಅವರು ನಿಲ್ಲುವ ರೀತಿ ನೋಡಬೇಕು ಅಂತ ಗೆಳತಿ ವಾದಿಸಿದರು.

ಅದನ್ನ ಕೇಳ್ತಾ ನನಗೆ ಅನ್ನಿಸಿದ್ದು, ನಮ್ಮ ಸೀಮೆಯಲ್ಲಿ ಇಂಥ ಪ್ರಶ್ನೆ ಯಾರ ಬಗ್ಗೆ ಕೇಳಬಹುದು ಅಂತ. ಆದವಾನಿಯಲ್ಲಿ ಐಸು ಅಂದರೆ ಸೋಡಾ ಅಂಗಡಿಯ ಮರದಪುಡಿ ಹಾಕಿದ ಪೆಟ್ಟಿಗೆಯಲ್ಲಿ ಇರುತ್ತಿದ್ದ ಐಸು, ಅಷ್ಟೇ. ಸ್ಕೇಟರ್ ಸಿಗೋದಿಲ್ಲ. ಆದರೆ ಮೈ, ದನಿ, ನಿಲುವು ಇವೇ ಕಲೆಯಾದವನು, ಆಡಿ ಮುಗಿಸಿದ ಮೇಲೆ ಕೈಗೆ ಸಿಗುವಂಥದ್ದು ಏನೂ ಉಳಿಸದವನು, ತನ್ನ ಕಾಲದಲ್ಲಿ ಎದುರಿಲ್ಲ ಅನ್ನಿಸಿಕೊಂಡವನು, ಅಂಥ ಒಬ್ಬರಿದ್ದಾರೆ: ಬಳ್ಳಾರಿ ರಾಘವಾಚಾರ್ಯರು. ಇವತ್ತಿನ ಪ್ರಬಂಧ ಅವರ ಬಗ್ಗೆ. ಅವರನ್ನು ನಮ್ಮೂರಿನ ಕಡೆಯಿಂದ ನೋಡೋದಕ್ಕೆ ಒಂದು ಕಾರಣವೂ ಇದೆ. ಅದು ಕೊನೆಗೆ ಬರುತ್ತದೆ.

ಮೊದಲು ಭೂಪಟ. ಈಗ ಆದವಾನಿ, ಆಲೂರು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ತುದಿ. ಸರ್ಕಾರಿ ಬೋರ್ಡಿನಲ್ಲಿ ಆದೋನಿ, ಹಳಬರ ಬಾಯಲ್ಲಿ ಆದವಾನಿ. ರಾಘವರು ಬದುಕಿದ್ದ ಕಾಲಕ್ಕೆ ಇವೆರಡೂ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಜಿಲ್ಲಾ ಕಚೇರಿ, ದೊಡ್ಡ ಕೋರ್ಟು, ದೊಡ್ಡ ಆಸ್ಪತ್ರೆ ಎಲ್ಲಕ್ಕೂ ಬಳ್ಳಾರಿಗೇ ಹೋಗಬೇಕು. ರೈಲಾದರೆ ಗುಂತಕಲ್ಲಿನಲ್ಲಿ ಬದಲಾಯಿಸಬೇಕು, ರಸ್ತೆಯಾದರೆ ಆಲೂರಿನ ಮೇಲೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ಮೂರು ತಾಲೂಕು ಆ ಕಡೆ ಹೋದವು. ಬಳ್ಳಾರಿ ತಾಲೂಕಿನ ಬಗ್ಗೆ ಜಗಳ ಎದ್ದು, ನ್ಯಾಯಮೂರ್ತಿ ಮಿಶ್ರಾ ವಿಚಾರಣೆ ನಡೆಸಿ, ಅದು ಮೈಸೂರಿಗೆ ಬಂತು. ಗೆರೆ ಎಳೆದದ್ದು 1953ರಲ್ಲಿ. ರಾಘವರು ತೀರಿಕೊಂಡದ್ದು 1946ರಲ್ಲಿ. ಅಂದರೆ ಅವರಿಗೆ ಆ ಗೆರೆ ಗೊತ್ತಿಲ್ಲ. ಅವರ ಚರಿತ್ರೆ ಬರೆದವರಿಗೆ ಮಾತ್ರ ಗೊತ್ತು. ಇದನ್ನ ನೆನಪಿಟ್ಟುಕೊಳ್ಳಿ.

ರಾಘವರು ಹುಟ್ಟಿದ್ದು 1880ರ ಆಗಸ್ಟ್ 2ರಂದು, ಅನಂತಪುರ ಸೀಮೆಯ ತಾಡಿಪತ್ರಿಯಲ್ಲಿ. ತಂದೆ ಬಳ್ಳಾರಿಯಲ್ಲಿ ತೆಲುಗು ಪಂಡಿತರು. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು. ಈ ಸೋದರಮಾವ ಸಾಮಾನ್ಯರಲ್ಲ; ತೆಲುಗಿನವರು ಆಂಧ್ರ ನಾಟಕ ಪಿತಾಮಹ ಅಂತ ಕರೆಯುವ ವ್ಯಕ್ತಿ. ವಕೀಲರು. ಬಳ್ಳಾರಿಯಲ್ಲಿ ಸರಸ ವಿನೋದಿನಿ ಸಭಾ ಕಟ್ಟಿದರು, ‘ಚಿತ್ರನಳೀಯಮು’, ‘ವಿಷಾದ ಸಾರಂಗಧರ’ ಬರೆದರು. ಎರಡನೆಯದು ದುರಂತ ನಾಟಕ. ನಾಟಕ ಅಂದರೆ ಮಂಗಳದಲ್ಲೇ ಮುಗಿಯಬೇಕು ಅನ್ನುವ ಸಂಸ್ಕೃತದ ಕಟ್ಟು ಮುರಿದದ್ದು ಅಂತ ಅದಕ್ಕೆ ಹೆಸರು. ಅದೇ ಊರಲ್ಲಿ ಇನ್ನೊಬ್ಬ ವಕೀಲರು ಕೋಲಾಚಲಂ ಶ್ರೀನಿವಾಸರಾಯರು. ಅವರದು ಸುಮನೋರಮ ಸಭಾ. ಇಬ್ಬರಿಗೂ ಪೈಪೋಟಿ. ಒಂದೇ ಬಾರ್ ರೂಮಿನಲ್ಲಿ ಬೆಳಗ್ಗೆ ವಾದ, ಸಂಜೆ ನಾಟಕದಲ್ಲಿ ವಾದ.

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಕನ್ನಡದ ರಂಗಭೂಮಿ ಚರಿತ್ರೆ ಓದುವಾಗ ನಾವು ಈ ಜಾಗ ಬೇಗ ದಾಟಿಬಿಡ್ತೀವಿ. ತೆಲುಗು ನಾಟಕ ಶುರುವಾದದ್ದಕ್ಕೆ ಒಂದು ಪ್ರೇರಣೆ 1880ರ ಹೊತ್ತಿಗೆ ಗೋದಾವರಿ ತೀರದ ರಾಜಮಂಡ್ರಿವರೆಗೂ ಹೋಗಿ ಆಡಿದ ಧಾರವಾಡದ ನಾಟಕ ಕಂಪನಿ. ಈ ಮಾತನ್ನು ತೆಲುಗಿನವರೇ ಬರೆದಿದ್ದಾರೆ. ಧಾರವಾಡದಿಂದ ಹೊರಟ ಗಾಳಿ ಗೋದಾವರಿ ಮುಟ್ಟಿತು; ಬಳ್ಳಾರಿಯಲ್ಲಿ ಕನ್ನಡ ಸೀಮೆಯ ನಡುವೆ ಕೂತ ವಕೀಲರು ತೆಲುಗಿನಲ್ಲಿ ಬರೆದರು. ಯಾವುದು ಯಾರದು ಅಂತ ಬೇರ್ಪಡಿಸಲು ಹೋದರೆ ಹತ್ತಿ ಬಿಡಿಸುವ ಜಿನ್ನಿಗೆ ನೂಲು ಕೊಟ್ಟ ಹಾಗೆ ಆಗುತ್ತೆ.

ರಾಘವರ ವೃತ್ತಿ. ವೃತ್ತಿ ಅಂದರೆ ಎರಡು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, 1905ರಲ್ಲಿ ಲಾ ಮುಗಿಸಿ, ಬಳ್ಳಾರಿಗೆ ಬಂದು ಕ್ರಿಮಿನಲ್ ವಕೀಲಿ ಹಿಡಿದರು. ಚೆನ್ನಾಗಿ ನಡೆಯಿತು. ಪಬ್ಲಿಕ್ ಪ್ರಾಸಿಕ್ಯೂಟರ್ ಆದರು. ಜಿಲ್ಲೆಯ ಸೆಷನ್ಸ್ ಕೋರ್ಟು ಬಳ್ಳಾರಿಯಲ್ಲಿದ್ದದ್ದರಿಂದ ಆದವಾನಿ, ಆಲೂರಿನ ಕೊಲೆ-ದೊಂಬಿ ಕೇಸುಗಳು ಅಲ್ಲಿಗೇ ಹೋಗಬೇಕು. ಹಾಗಾಗಿ ನಮ್ಮ ಕಡೆಯ ಬಹಳ ಜನ ರಾಘವರನ್ನು ಮೊದಲು ನೋಡಿದ್ದು ಬಣ್ಣ ಹಚ್ಚಿದ ಮುಖದಲ್ಲಿ ಅಲ್ಲ, ಕರಿ ಗೌನಿನಲ್ಲಿ ಇರಬೇಕು ಅಂತ ನನ್ನ ಊಹೆ. ಇದು ಊಹೆ ಮಾತ್ರ.

ನಾಟಕ ಹನ್ನೆರಡನೇ ವಯಸ್ಸಿನ ಸುಮಾರಿನಿಂದಲೇ ಇತ್ತು. ಊರಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಮಾಡಿ ಇಂಗ್ಲಿಷ್ ನಾಟಕ ಆಡಿದರು. ಸೋದರಮಾವನ ಗರಡಿಯಲ್ಲಿ ಬೆಳೆದರೂ ದೊಡ್ಡ ಹೆಸರು ತಂದದ್ದು ಎದುರು ಪಾಳೆಯದ ಕೋಲಾಚಲಂ ಬರೆದ ವಿಜಯನಗರ ಪತನದ ನಾಟಕದ ಪಠಾಣ ರುಸ್ತುಮನ ಪಾತ್ರ. ಆಮೇಲೆ ಹರಿಶ್ಚಂದ್ರ, ದುರ್ಯೋಧನ, ಹಿರಣ್ಯಕಶಿಪು, ಚಾಣಕ್ಯ. ಇಂಗ್ಲಿಷಿನಲ್ಲಿ ಒಥೆಲೊ, ಶೈಲಾಕ್. ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಆಡಿದರು. ಬೆಂಗಳೂರಿನಲ್ಲಿ 1909ರಲ್ಲಿ ಶುರುವಾದ ಅಮೆಚ್ಯೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ವಿಲಾಸಿ ರಂಗಭೂಮಿಯ ಜೊತೆಗೂ ಅವರ ನಂಟು ಇತ್ತು.

ರುಸ್ತುಮನ ಪಾತ್ರದ ಬಗ್ಗೆ ಒಂದು ಮಾತು. ವಿಜಯನಗರ ಬಿದ್ದ ಕಥೆ ಹಂಪಿಯವರಿಗೆ ಒಂಥರ, ಆದವಾನಿಯವರಿಗೆ ಇನ್ನೊಂಥರ. ನಮ್ಮೂರ ಕೋಟೆ ವಿಜಯನಗರದವರದ್ದೂ ಆಗಿತ್ತು, 1565ರ ಯುದ್ಧದ ನಂತರ ಬಿಜಾಪುರದವರದ್ದೂ ಆಯಿತು. ಬಿಜಾಪುರದ ಕಾಲದ ಜಾಮಿಯಾ ಮಸೀದಿ ಊರ ನಡುವೆ ಇವತ್ತಿಗೂ ಇದೆ. ಆ ನಾಟಕದಲ್ಲಿ ವೈಷ್ಣವ ಮನೆತನದ ವಕೀಲರೊಬ್ಬರು ಪಠಾಣನಾಗಿ ನಿಂತು ಪ್ರೇಕ್ಷಕರನ್ನು ತನ್ನ ಕಡೆ ತಿರುಗಿಸಿಕೊಂಡರು ಅನ್ನೋದು ಸಣ್ಣ ವಿಷಯ ಅಲ್ಲ. ಜನ ಅವರ ನಾಯಕ ಪಾತ್ರಗಳಿಗಿಂತ ಈ ಪಾತ್ರವನ್ನೇ ಹೆಚ್ಚು ನೆನಪಿಟ್ಟುಕೊಂಡರು. ಶೈಲಾಕ್, ಒಥೆಲೊ, ದುರ್ಯೋಧನ, ಹಿರಣ್ಯಕಶಿಪು, ರುಸ್ತುಮ್ — ಪಟ್ಟಿ ನೋಡಿ. ಹರಿಶ್ಚಂದ್ರನನ್ನು ಬಿಟ್ಟರೆ ಎಲ್ಲರೂ ಕಥೆಯ ನ್ಯಾಯದಲ್ಲಿ ಎದುರು ಕಟಕಟೆಯಲ್ಲಿ ನಿಂತವರು. ಕ್ರಿಮಿನಲ್ ವಕೀಲರಿಗೆ ಆರೋಪಿಯ ಕಡೆಯ ಮಾತು ಹೇಳುವುದು ಅಭ್ಯಾಸ ಅಲ್ವಾ? ಇದು ನನ್ನ ಓದು. ಒಪ್ಪದಿದ್ದರೆ ಪ್ರಶ್ನೆಯಲ್ಲಿ ಹೇಳಿ.

ಈಗ ಮುಖ್ಯ ವಿಷಯ. ಅವರು ರಂಗದ ಮೇಲೆ ಬದಲಾಯಿಸಿದ್ದು ಏನು?

ಆ ಕಾಲದ ತೆಲುಗು ಪದ್ಯನಾಟಕ ನೋಡದವರಿಗೆ ಇದು ಅರ್ಥವಾಗುವುದು ಕಷ್ಟ. ನಟ ಅಂದರೆ ಹಾಡುಗಾರ. ಪದ್ಯ ಎತ್ತಿಕೊಂಡರೆ ರಾಗ ಆಲಾಪನೆ ಮಾಡಿ, ಕೊನೆಯ ಸಾಲನ್ನು ಎಳೆದು ಎಳೆದು ಬಿಡಬೇಕು. ಜನ ‘ಒನ್ಸ್ ಮೋರ್’ ಕೂಗಬೇಕು. ಸತ್ತ ಪಾತ್ರ ಕೂಡ ಎದ್ದು ಮತ್ತೊಮ್ಮೆ ಹಾಡಿ ಮತ್ತೆ ಸಾಯಬೇಕು. ನಗಬೇಡಿ, ನಮ್ಮ ಕನ್ನಡ ಕಂಪನಿ ನಾಟಕದಲ್ಲೂ ಹಾಗೇ ಇತ್ತು. ಹಾರ್ಮೋನಿಯಂ ಮಾಸ್ತರು ಯಾವ ನಟನಿಗೂ ಕಡಿಮೆ ಇರಲಿಲ್ಲ. ನನಗೆ ಆ ಸಂಪ್ರದಾಯದ ಮೇಲೆ ಕೋಪ ಇಲ್ಲ. ಊರ ಜಾತ್ರೆಯಲ್ಲಿ ಕುರುಕ್ಷೇತ್ರದ ಪದ್ಯ ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತೆ. ಆದರೆ ಅಲ್ಲಿ ಪಾತ್ರ ನಿಂತು ಹೋಗುತ್ತೆ, ಕಂಠ ಮುಂದೆ ಹೋಗುತ್ತೆ.

ರಾಘವರು ಇದನ್ನು ಒಪ್ಪಲಿಲ್ಲ. ಪದ್ಯವನ್ನು ಅರ್ಥ ಬಿಟ್ಟು ರಾಗಕ್ಕಾಗಿ ಎಳೆಯುವುದನ್ನು ಅವರು ವಿರೋಧಿಸಿದರು. ಮಾತು ಮಾತಿನ ಹಾಗೆ ಇರಬೇಕು, ಭಾವ ಒಳಗಿನಿಂದ ಬರಬೇಕು ಅನ್ನುವುದು ಅವರ ನಿಲುವು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಸಾತ್ವಿಕ ಅಭಿನಯ ಅನ್ನುವ ಹಳೆಯ ಹೆಸರೇ ಇದೆ. ಆದರೆ ಹೆಸರು ಇರೋದು ಬೇರೆ, ಟಿಕೆಟ್ ಕೊಂಡು ಹಾಡು ಕೇಳಲು ಬಂದ ಜನರ ಎದುರು ಹಾಡದೆ ನಿಲ್ಲೋದು ಬೇರೆ.

ಅಲ್ಲಿ ನಿಲ್ಲಲು ಅವರಿಗೆ ಧೈರ್ಯ ಎಲ್ಲಿಂದ ಬಂತು? ಇಲ್ಲಿ ನನಗೆ ಜಾನ್ ಕರಿ ಸಹಾಯಕ್ಕೆ ಬರ್ತಾನೆ. ಕರಿಯ ಶೈಲಿ ತೀರ್ಪುಗಾರರಿಗೆ ಬಹಳ ಕಾಲ ಹಿಡಿಸಿರಲಿಲ್ಲ; ಬಲ ಬೇಕು, ಇದು ತೀರಾ ನೃತ್ಯದ ಹಾಗಿದೆ ಅನ್ನುವ ಆಕ್ಷೇಪ ಇತ್ತು. 1976ರ ಪದಕ ಬಂದ ಮೇಲೆ ಅವನು ಯಾರ ಅಂಕಕ್ಕೂ ಕಾಯಬೇಕಿರಲಿಲ್ಲ. ಪದಕ ಅವನಿಗೆ ಕೊಟ್ಟದ್ದನ್ನು ರಾಘವರಿಗೆ ವಕೀಲಿ ಕೊಟ್ಟಿತು. ಹಗಲು ಕೋರ್ಟಿನಲ್ಲಿ ದುಡಿದ ದುಡ್ಡು ಇತ್ತು, ಆದ್ದರಿಂದ ರಾತ್ರಿ ‘ಒನ್ಸ್ ಮೋರ್’ಗೆ ಬಗ್ಗಬೇಕಿರಲಿಲ್ಲ. ಅವರ ಬಹುಪಾಲು ಪ್ರದರ್ಶನಗಳ ಹಣ ಧರ್ಮಕಾರ್ಯಕ್ಕೆ, ಸಂಘಸಂಸ್ಥೆಗಳಿಗೆ ಹೋಯಿತು. ಇದೇ ಮಾತನ್ನು ತಿರುಗಿಸಿ ನೋಡಿದರೆ ಅವರ ಮಿತಿಯೂ ಕಾಣುತ್ತೆ. ಕಂಪನಿ ನಟನ ಹೊಟ್ಟೆಪಾಡು ಪ್ರೇಕ್ಷಕರ ಕೂಗಿನ ಮೇಲೆ ನಿಂತಿರುತ್ತಿತ್ತು. ಹಾಡಬೇಡ, ಸಹಜವಾಗಿ ಮಾತಾಡು ಅಂತ ಅವನಿಗೆ ಹೇಳುವುದು ಸುಲಭ. ಮನೆಯಲ್ಲಿ ಅಕ್ಕಿ ಇರುವವರು ಹೇಳುವ ಮಾತು ಅದು. ವಿಲಾಸಿ ಮತ್ತು ವೃತ್ತಿ ರಂಗಭೂಮಿಗಳ ನಡುವಿನ ಈ ಜಾತಿ-ವರ್ಗದ ಬಿರುಕನ್ನು ರಾಘವರ ಮೇಲೆ ಬರೆದವರು ಹೆಚ್ಚಾಗಿ ಮುಟ್ಟುವುದಿಲ್ಲ. ಗುಬ್ಬಿ ಕಂಪನಿಯ ಹಾಡುಗಾರ ನಟ ಮೂರ್ಖನಾಗಿರಲಿಲ್ಲ, ಅವನಿಗೆ ನಾಳೆಯ ಕ್ಯಾಂಪಿನ ಚಿಂತೆ ಇತ್ತು.

ಎರಡನೆಯದು, ಸ್ತ್ರೀಪಾತ್ರ. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ರಾಘವರು ಹಟ ಹಿಡಿದರು. ಪಿ.ವಿ. ರಾಜಮನ್ನಾರ್ ಬರೆದ ‘ತಪ್ಪೆವರಿದಿ’ ಅನ್ನುವ ಸಾಮಾಜಿಕ ನಾಟಕವನ್ನು ರಂಗಕ್ಕೆ ತಂದರು. ಈ ರಾಜಮನ್ನಾರ್ ಮುಂದೆ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆದರು. ಮತ್ತೆ ವಕೀಲರೇ, ನೋಡಿ. ಕೊಮ್ಮೂರಿ ಪದ್ಮಾವತಿ ದೇವಿಯಂಥ ನಟಿಯರು ರಾಘವರ ಜೊತೆ ರಂಗದ ಮೇಲೆ ಬಂದರು.

ಇದನ್ನು ‘ತೆಲುಗು ರಂಗಭೂಮಿಗೆ ಮೊದಲು ಹೆಣ್ಣನ್ನು ತಂದವರು ರಾಘವ’ ಅಂತ ಬರೆಯುವುದು ರೂಢಿ. ಅದು ತಪ್ಪು. ಕಡಪ ಜಿಲ್ಲೆಯ ಸುರಭಿ ನಾಟಕ ಕುಟುಂಬಗಳಲ್ಲಿ 1885ರ ಹೊತ್ತಿನಿಂದಲೇ ಹೆಂಗಸರು ಸ್ತ್ರೀಪಾತ್ರ ಮಾಡುತ್ತಿದ್ದರು. ಕನ್ನಡದ ವೃತ್ತಿ ಕಂಪನಿಗಳಲ್ಲೂ ನಟಿಯರಿದ್ದರು. ಇದ್ದರೂ ‘ಇರಲಿಲ್ಲ’ ಅಂತ ಬರೆಯುವುದು ಯಾಕೆ? ಅವರು ಕಂಪನಿ ಹೆಂಗಸರು, ಲೆಕ್ಕಕ್ಕೆ ಬರುವುದಿಲ್ಲ. ರಾಘವರು ಮಾಡಿದ್ದು ಬೇರೆ ಮತ್ತು ಅದೂ ಸಣ್ಣದಲ್ಲ: ಓದಿದ, ‘ಮರ್ಯಾದಸ್ತ’ ಅನ್ನಿಸಿಕೊಂಡ ಮನೆಗಳ ಹೆಣ್ಣುಮಕ್ಕಳು ರಂಗ ಹತ್ತಿದರೆ ಮರ್ಯಾದೆ ಹೋಗುವುದಿಲ್ಲ ಅಂತ ತನ್ನ ಹೆಸರನ್ನು ಒತ್ತೆ ಇಟ್ಟು ತೋರಿಸಿದರು. ಗಂಡಸರು ಹೆಣ್ಣುವೇಷ ಹಾಕಿ ಮೆರೆಯುತ್ತಿದ್ದ ಕಾಲ ಅದು, ಸ್ಥಾನಂ ನರಸಿಂಹರಾಯರಂಥ ದೊಡ್ಡ ಕಲಾವಿದರು ಆ ದಾರಿಯಲ್ಲಿ ಇದ್ದರು. ಅದರ ಎದುರು ನಿಂತದ್ದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಸುರಭಿಯ ಹೆಂಗಸರನ್ನು ಅಳಿಸಿ ಆ ಮೆಚ್ಚುಗೆ ಕೊಡಬೇಕಾಗಿಲ್ಲ.

ಇನ್ನು ದಂತಕಥೆಗಳ ವಿಷಯ. ರಾಘವರ ಬಗ್ಗೆ ಯಾವ ಲೇಖನ ತೆಗೆದರೂ ನಾಲ್ಕು ಹೆಸರು ಬರುತ್ತವೆ: ಗಾಂಧೀಜಿ, ಟ್ಯಾಗೋರ್, ಬರ್ನಾರ್ಡ್ ಷಾ, ಲಾರೆನ್ಸ್ ಒಲಿವಿಯರ್. 1927ರಲ್ಲಿ ಗಾಂಧೀಜಿ ಅನಾರೋಗ್ಯದಿಂದ ನಂದಿಬೆಟ್ಟ, ಬೆಂಗಳೂರಿನಲ್ಲಿ ವಿಶ್ರಾಂತಿಗೆ ಇದ್ದರು. ಆಗ ರಾಘವರು ‘ದೀನಬಂಧು ಕಬೀರ’ ಅನ್ನುವ ಹಿಂದಿ ನಾಟಕ ಆಡಿ ತೋರಿಸಿದರು, ಗಾಂಧೀಜಿ ಪ್ರಾರ್ಥನೆಯ ಹೊತ್ತು ಮೀರಿದರೂ ಏಳಲಿಲ್ಲ ಅಂತ ಹೇಳುತ್ತಾರೆ. ಮರುವರ್ಷದ ಹೊತ್ತಿಗೆ ಇಂಗ್ಲೆಂಡಿಗೆ ಹೋಗಿ ಷಾ ಅವರನ್ನು ಕಂಡರು, ಅಲ್ಲಿನ ನಟರ ಜೊತೆ ಆಡಿದರು ಅಂತ ಹೇಳುತ್ತಾರೆ. ಒಲಿವಿಯರ್ ಹುಟ್ಟಿದ್ದು 1907ರಲ್ಲಿ. 1928ರಲ್ಲಿ ಅವನಿಗೆ 21 ವರ್ಷ, ಇನ್ನೂ ಹೆಸರಿಲ್ಲದ ಹುಡುಗ. ರಾಘವರಿಗೆ 48 ವರ್ಷ, ಮೂರು ದಶಕ ರಂಗದ ಮೇಲೆ ನಿಂತವರು. ಹಾಗಿರುವಾಗ ಒಲಿವಿಯರ್ ಜೊತೆ ಆಡಿದರು ಅನ್ನೋದು ಯಾರಿಗೆ ಹೆಮ್ಮೆ? ಒಲಿವಿಯರ್ ಆಮೇಲೆ ದೊಡ್ಡವನಾದ ಬೆಳಕನ್ನು ಹಿಂದಕ್ಕೆ ಹರಿಸಿ ನಮ್ಮವರ ಮುಖ ನೋಡ್ತಾ ಇದ್ದೀವಿ.

ಈ ಕಥೆಗಳನ್ನು ಸುಳ್ಳು ಅಂತ ಹೇಳ್ತಿಲ್ಲ. ನಾನು ಕೇಳೋದು, ಇವುಗಳಿಂದ ನಟನೆಯ ಬಗ್ಗೆ ಏನು ತಿಳಿಯುತ್ತೆ? ಏನೂ ಇಲ್ಲ. ದೊಡ್ಡವರು ಮೆಚ್ಚಿದರು ಅನ್ನೋದು ಸರ್ಟಿಫಿಕೇಟು, ಚರಿತ್ರೆಯಲ್ಲ. ದಾಖಲೆ ಇಲ್ಲದ ಕಲೆಯ ಬಗ್ಗೆ ಬರೆಯುವಾಗ ಕೈ ತಾನಾಗಿ ಸರ್ಟಿಫಿಕೇಟಿನ ಕಡೆ ಹೋಗುತ್ತೆ.

ಸಿನಿಮಾ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 1936ರ ‘ದ್ರೌಪದಿ ಮಾನಸಂರಕ್ಷಣಂ’ನಲ್ಲಿ ದುರ್ಯೋಧನ. ಅದೇ ವರ್ಷ ಅದೇ ಕಥೆಯ ಮೇಲೆ ಇನ್ನೊಂದು ಚಿತ್ರವೂ ಬಂತು, ‘ದ್ರೌಪದೀ ವಸ್ತ್ರಾಪಹರಣಂ’. ಜನ ಅದನ್ನು ಮೆಚ್ಚಿದರು, ಇದು ಸೋತಿತು. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ ‘ರೈತು ಬಿಡ್ಡ’, ಜಮೀನ್ದಾರಿ ವಿರುದ್ಧದ ಚಿತ್ರ, ಜಮೀನ್ದಾರರ ವಿರೋಧದಿಂದ ಕೆಲವು ಕಡೆ ಅದಕ್ಕೆ ತಡೆ ಬಿತ್ತು. ಅದರಲ್ಲಿ ರಾಘವರು ರೈತ. 1940ರಲ್ಲಿ ‘ಚಂಡಿಕ’. ಅಲ್ಲಿಗೆ ಮುಗಿಯಿತು. ಸುಮಾರು 60ರ ವಯಸ್ಸಿನಲ್ಲಿ ಮಾಡಿದ ಮೂರು ಚಿತ್ರಗಳಿಂದ ರಂಗದ ಮೇಲಿನ ಅವರನ್ನು ಅಳೆಯುವುದು, ಕರಿಯನ್ನು ಟಿವಿಯ ಒಲಿಂಪಿಕ್ ಐದು ನಿಮಿಷದಿಂದ ಮಾತ್ರ ಅಳೆದ ಹಾಗೆ. ಆದರೆ ‘ರೈತು ಬಿಡ್ಡ’ ನನಗೆ ಮುಖ್ಯ. ಪುರಾಣದ ಕಿರೀಟ ತೆಗೆದಿಟ್ಟು ಪಂಚೆ ಉಟ್ಟು ನಿಂತಾಗಲೇ ಅವರ ಸಹಜ ಮಾತಿನ ವಾದಕ್ಕೆ ಸರಿಯಾದ ಬಟ್ಟೆ ಸಿಕ್ಕಿತು ಅಂತ ನನಗನ್ನಿಸುತ್ತೆ.

ಇನ್ನು ನಮ್ಮ ಮನೆಯ ಸಾಕ್ಷಿ. ಇದಕ್ಕಾಗಿಯೇ ಈ ಪ್ರಬಂಧ ಬರೆಯಲು ಕೂತೆ.

ನಮ್ಮ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ, ಆದವಾನಿಯ ಹತ್ತಿ ಜಿನ್ನಿನಲ್ಲಿ ಕೆಲಸ ಮಾಡಿದವರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಜಿನ್ನಿನ ಗೆಳೆಯರ ಜೊತೆ ಉರ್ದು. ನಾನು ಚಿಕ್ಕವನಿದ್ದಾಗ ಅವರು ಎಷ್ಟೋ ಸಲ ಹೇಳುತ್ತಿದ್ದರು: ‘ರಾಘವಾಚಾರಿ ನಾಟಕ ನೋಡೀನಿ ನಾನು. ಆತ ಹಾಡ್ಲಿಲ್ಲಪ್ಪ. ಸುಮ್ನೆ ನಮ್ಮ ಕಡಿ ಬೆನ್ನು ಮಾಡಿ ನಿಂತ. ಆಮ್ಯಾಲೆ ತಿರುಗಿ, ಮನ್ಯಾಗ ಮಾತಾಡಿದಂಗ ಮಾತಾಡಿದ. ಎಲ್ರೂ ಗಪ್ ಚುಪ್.’

ಎಂ.ಎ. ಓದುವಾಗ ನಾನು ಇದನ್ನು ಹೆಮ್ಮೆಯಿಂದ ಟರ್ಮ್ ಪೇಪರಿನಲ್ಲಿ ಬರೆದೆ, ಪ್ರತ್ಯಕ್ಷ ಸಾಕ್ಷಿ ಅಂತ. ಬರೆದು ಕೊಟ್ಟ ಮೇಲೆ ಒಂದು ದಿನ ದೊಡ್ಡಜ್ಜನ ರೇಷನ್ ಕಾರ್ಡಿನ ವಯಸ್ಸು ಲೆಕ್ಕ ಹಾಕಿದೆ. ರಾಘವರು ತೀರಿಕೊಂಡದ್ದು 1946ರ ಏಪ್ರಿಲ್ 16. ಆಗ ದೊಡ್ಡಜ್ಜನಿಗೆ ಐದೋ ಆರೋ ವರ್ಷ. ರೇಷನ್ ಕಾರ್ಡಿನ ವಯಸ್ಸು ಅಷ್ಟೇನೂ ನಂಬುವಂಥದ್ದಲ್ಲ, ನಿಜ. ಹಾಗಿದ್ದರೂ ಲೆಕ್ಕ ಕೂಡೋದಿಲ್ಲ. ರಾಘವರ ಕೊನೆಯ ವರ್ಷಗಳಲ್ಲಿ, ಅಷ್ಟು ಚಿಕ್ಕ ಹುಡುಗ, ಅಷ್ಟು ವಿವರವಾಗಿ ನೆನಪಿಟ್ಟಿರೋದು ಸಾಧ್ಯವಿಲ್ಲ ಅಂತಲೇ ಹೇಳಬೇಕು. ನನಗೆ ನಾಚಿಕೆಯಾಯಿತು. ಮೇಷ್ಟ್ರ ಹತ್ತಿರ ಹೋಗಿ, ಸರ್, ಆ ಪುಟ ತೆಗೆದುಹಾಕ್ತೀನಿ ಅಂದೆ. ಅವರು, ತೆಗೀಬೇಡ, ಅವರು ಯಾರನ್ನು ನೋಡಿದರು ಅಂತ ಹುಡುಕು ಅಂದರು.

ಹುಡುಕಿದೆ. ಹೆಸರು ಸಿಗಲಿಲ್ಲ, ಅದಕ್ಕೆ ನಾನು ಹೆಸರು ಹೇಳೋದಿಲ್ಲ. ಸಿಕ್ಕಿದ್ದು ಇಷ್ಟು: ಮನೆಯ ಹಿರಿಯರನ್ನು, ದೊಡ್ಡಜ್ಜನ ವಾರಿಗೆಯ ಇಬ್ಬರನ್ನು ಕೇಳಿದಾಗ ಅವರೆಲ್ಲ ಹೇಳಿದ್ದು, ಐವತ್ತರ ದಶಕದಲ್ಲಿ ಕಚೇರಿ ಗುಮಾಸ್ತರು, ಮೇಷ್ಟ್ರುಗಳು, ವಕೀಲರ ಗುಮಾಸ್ತರು ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದರು, ಅದರಲ್ಲಿ ಒಬ್ಬ ‘ರಾಘವಾಚಾರಿ ಥರ’ ಆಡುತ್ತಿದ್ದ. ಹಾಡುತ್ತಿರಲಿಲ್ಲ, ನಿಂತು ಮಾತಾಡುತ್ತಿದ್ದ. ಅವನನ್ನು ಜನ ತಮಾಷೆಗೆ ರಾಘವಾಚಾರಿ ಅಂತಲೇ ಕರೆಯುತ್ತಿದ್ದರು. ದೊಡ್ಡಜ್ಜ ನೋಡಿದ್ದು ಬಹುಶಃ ಅವನನ್ನು.

ನನ್ನ ಮಟ್ಟಿಗೆ ಇದು ಪ್ರತ್ಯಕ್ಷ ಸಾಕ್ಷಿಗಿಂತ ಒಳ್ಳೆಯ ಸಾಕ್ಷಿ. ಮೂಲ ನಟ ಸತ್ತು ಹತ್ತು ವರ್ಷ ಆದ ಮೇಲೆ, ಜಿಲ್ಲೆ ಒಡೆದು ಹೋದ ಮೇಲೆ, ಬಳ್ಳಾರಿ ಬೇರೆ ರಾಜ್ಯ ಆದ ಮೇಲೆ, ಆದವಾನಿಯ ಒಬ್ಬ ಗುಮಾಸ್ತ ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಲ್ಲುವ ಧೈರ್ಯ ಮಾಡಿದ. ಅವನಿಗೆ ಅದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ. ಎಲ್ಲೋ ನೋಡಿದ್ದ, ಅಥವಾ ನೋಡಿದವರನ್ನು ನೋಡಿದ್ದ. ಆರು ವರ್ಷದ ಹುಡುಗ ಅಲ್ಲ, ಹದಿನೈದು ವರ್ಷದ ಹುಡುಗನೊಬ್ಬ ಅದನ್ನು ನೋಡಿ ಅರವತ್ತು ವರ್ಷ ನೆನಪಿಟ್ಟುಕೊಂಡ. ಕರಿಯ ಪ್ರಭಾವವನ್ನು ನಂತರದವರ ತೋಳಿನಲ್ಲಿ ನೋಡಬೇಕು ಅಂತ ಗೆಳತಿ ಹೇಳಿದ ಮಾತು ನನಗೆ ನಮ್ಮನೆಯ ಜಗಲಿಯ ಮೇಲೆ ಅರ್ಥವಾಯಿತು.

ಕನ್ನಡದಲ್ಲಿ ಈ ಪ್ರಭಾವಕ್ಕೆ ಹೆಸರುಳ್ಳ ಸಾಕ್ಷಿಯೂ ಇದೆ. ಬಳ್ಳಾರಿ ಸೀಮೆಯ ಜೋಳದರಾಶಿ ದೊಡ್ಡನಗೌಡರು ಕವಿ, ಗಮಕಿ, ನಟ. ಹುಟ್ಟಿದ್ದು 1910ರಲ್ಲಿ, ತೀರಿಕೊಂಡದ್ದು 1994ರಲ್ಲಿ. ರಾಘವರ ಒಡನಾಟದಲ್ಲಿ ಪಳಗಿದವರು. ಹಾಡು ಬೇಡ ಅಂದ ಗುರುವಿನ ಕೈಯಲ್ಲಿ ಗಮಕಿಯೊಬ್ಬರು ಪಳಗಿದ್ದು ವಿಚಿತ್ರ ಅನ್ನಿಸಬಹುದು. ಗಮಕದಲ್ಲಿ ರಾಗ ಅರ್ಥದ ಹಿಂದೆ ನಡೆಯುತ್ತೆ, ಮುಂದೆ ಓಡುವುದಿಲ್ಲ. ಹಾಗೆ ನೋಡಿದರೆ ವಿಚಿತ್ರವಿಲ್ಲ.

ತೆಲುಗು ಚರಿತ್ರೆಯಲ್ಲಿ ರಾಘವರಿಗೆ ದೊಡ್ಡ ಅಧ್ಯಾಯವಿದೆ, ಅಲ್ಲಿ ಬಳ್ಳಾರಿ ಒಂದು ವಿಶೇಷಣ ಮಾತ್ರ, ಮನೆತನದ ಹೆಸರಿನ ಹಾಗೆ. ಕನ್ನಡ ಚರಿತ್ರೆಯಲ್ಲಿ ಅವರಿಗೆ ಒಂದೆರಡು ಪ್ಯಾರಾ. ತೆಲುಗು ನಟ, ನಮ್ಮೂರಲ್ಲಿ ಇದ್ದರು ಅಂತ. 1981ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿತು. ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ಇದೆ. ಹುಟ್ಟಿದ ತಾಡಿಪತ್ರಿ ಆಂಧ್ರದಲ್ಲಿ, ಹೆಸರು ಕೊಟ್ಟ ಊರು ಕರ್ನಾಟಕದಲ್ಲಿ. ಕನ್ನಡ ಮಾತಾಡುವ ನಾವು ಆಂಧ್ರದಲ್ಲಿ, ತೆಲುಗಿನಲ್ಲಿ ಆಡಿದ ಅವರ ಸ್ಮಾರಕ ಕರ್ನಾಟಕದಲ್ಲಿ. ಆದವಾನಿಯ ಗುಮಾಸ್ತ ನಟನಿಗೆ ಎರಡೂ ಕಡೆ ಜಾಗವಿಲ್ಲ.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ, ಪ್ರಬಂಧಕ್ಕೆ ಬೇಕು ಅನ್ನಿಸಿದ್ದರಿಂದ.

ಮೊದಲನೆಯದು ಮೇಡಂ ಒಬ್ಬರಿಂದ: ರಾಘವರು ನಟನಾ ಶಾಲೆ ಕಟ್ಟಲಿಲ್ಲ, ಪದ್ಧತಿಯ ಪುಸ್ತಕ ಬಿಡಲಿಲ್ಲ, ಹಾಗಿದ್ದ ಮೇಲೆ ಪ್ರಭಾವ ಅನ್ನೋದು ಅತಿಯಲ್ಲವಾ? ಅತಿಯಾಗುವ ಅಪಾಯ ಇದೆ ಅಂತ ಒಪ್ತೀನಿ. ತೆಲುಗಿನಲ್ಲಿ ಪದ್ಯನಾಟಕ ಅವರ ನಂತರವೂ ಧಾರಾಳವಾಗಿ ಹಾಡಿಕೊಂಡೇ ಇತ್ತು, ಈಗಲೂ ಇದೆ. ಜನ ಅವರನ್ನು ಹೊಗಳಿದರು, ಹಾಡು ಬಿಡಲಿಲ್ಲ. ಅವರು ಗೆಲ್ಲಲಿಲ್ಲ. ಆದರೆ ಹಾಡದೆಯೂ ನಟ ಆಗಬಹುದು ಅನ್ನುವ ಒಂದು ದಾರಿ ಅವರಿಂದ ತೆರೆಯಿತು. ಅದರಲ್ಲಿ ನಡೆದವರು ಹೆಚ್ಚಾಗಿ ಗುಮಾಸ್ತರು, ಮೇಷ್ಟ್ರು, ವಕೀಲರು, ಅಂದರೆ ಸಂಬಳದ ಜನ. ಹಾಗಾಗಿ ಪ್ರಭಾವವನ್ನು ಕಂಪನಿಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗೋದಿಲ್ಲ. ತಾಲೂಕು ಕಚೇರಿಯ ವಾರ್ಷಿಕೋತ್ಸವದಲ್ಲಿ ಹುಡುಕಬೇಕು.

ಎರಡನೆಯದು ಒಬ್ಬ ಗೆಳೆಯನಿಂದ: ದೊಡ್ಡಜ್ಜ ನೋಡಿದ ಆ ನಾಟಕ ಯಾವ ಭಾಷೆಯಲ್ಲಿ ಇತ್ತು?

ಇದನ್ನು ನಾನೂ ಅವರನ್ನು ಕೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ‘ಯಾವ ಭಾಷೆ ಅಂತ ನೆನಪಿಲ್ಲೋ. ತಿಳೀತಿತ್ತು’ ಅಂದರು.